ಹಸರ ಪೌಡರ ಡಬ್ಬಿ

ಕರೋಶಿ
೧೨ ಜನವರಿ ೨೦೦೪

ನೀಲಮನ ಪಪ್ಪಾ ಅವರಿಗೆ ಉಜ್ವಲಾ ಮಾಡುವ ಜೈಭೀಮ.

ನೀವು ರಜಾ ಮುಗಿಸಿ ಹೋಗಿ ಹತ್ತು ದಿನ ಆತು. ಮುಟ್ಟಿದ ಸುದ್ದಿ ಇನ್ನೂ ಇಲ್ಲ. ಅತ್ತಿಯವರು ಆರಾಮ ಅದಾರ. ನೀಲಮ ನಿಮ್ಮ ಮಿಲಿಟರಿ ಫೋಟೋ ನೋಡಿ ಪಪ್ಪಾ ಗಾಡಿ ಹತ್ತಿ ಹೋದಾ ಅಂತ ಎಲ್ಲಾರಿಗೂ ಹೇಳತಾಳ. ನನ್ನ ಅಂಗನವಾಡಿ ನಡದೈತಿ.

ಒಂದು ಕೆಟ್ಟ ಸುದ್ದಿ. ಕೆಳಗಿನ ಓಣಿ ಬಾಳಾಸಾಬ, ಲಾರಿ ಓಡಸತಿದ್ರಲ್ಲ, ಹೋದ್ರು. ಮೊದಲ ಟಿ.ಬಿ. ಅಂದ್ರು. ಮಣ್ಣಾದ ಮ್ಯಾಲ ಖರೇ ಮಾತು ಹೊರಗ ಬಂತು. ಏಡ್ಸ್ ಇತ್ತಂತ. ಎರಡು ವರ್ಷದಿಂದ ಕದ್ದು ಗುಳಿಗಿ ತಿಂತಿದ್ರಂತ, ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ. ಈಗ ಆಕಿಗೂ ಅದ ಬ್ಯಾನಿ. ಮೂರನೇ ದಿನಕ್ಕ ಗಂಡನ ಮನಿಯವರು ಆಕಿ ಸಾಮಾನು ಹೊರಗ ಕಟ್ಟಿ ಮ್ಯಾಲ ತಂದಿಟ್ರು. ತವರಮನಿ ರಾಯಬಾಗ ಕಡೆ. ಬಸ್ ಹತ್ತುಮುಂದ ಆಕಿನ್ನ ಯಾರೂ ಮಾತಾಡಸಲಿಲ್ಲ. ನಾನೂ ಮಾತಾಡಸಲಿಲ್ಲ. ಆ ಬ್ಯಾನಿ ಮುಟ್ಟಿದ್ರ ಬರೂದಿಲ್ಲ ಅನ್ನೂ ಪೋಸ್ಟರ ನಮ್ಮ ಅಂಗನವಾಡಿ ಗ್ವಾಡಿಗೆ ನಾನ ಹಚ್ಚೀನಿ, ಆದ್ರೂ ಮಾತಾಡಸಲಿಲ್ಲ.

ಇನ್ನೊಂದು ಕೇಳೂದಿತ್ತು. ಹೋಗೂ ಅವಸರದಾಗ ಏನರ ಬಿಟ್ಟು ಹೋಗೀರೇನು? ಟ್ರಂಕಿನ್ಯಾಗ ಎಲ್ಲಾ ಸರಿ ಇತ್ತಲ್ಲ? ತಿಳಸ್ರಿ.

ನಿಮ್ಮ
ಉಜ್ವಲಾ


ಫೀಲ್ಡ್ ಪೋಸ್ಟ್
೨೪ ಜನವರಿ ೨೦೦೪

ಪ್ರೀತಿಯ ಉಜ್ವಲಾಗ,

ಸುಖವಾಗಿ ಮುಟ್ಟೀನಿ. ಮೂರು ದಿನ ರೈಲು, ಎರಡು ದಿನ ಲಾರಿ. ಇಲ್ಲಿ ಬಾಟಲಿ ಒಳಗಿನ ನೀರು ಹೆಪ್ಪಗಟ್ಟತೈತಿ. ಪ್ಯಾಟಿ ಅಂದ್ರ ನಲವತ್ತು ಮೈಲಿ, ಅದೂ ದಾರಿ ತೆರದಿದ್ರ.

ಸಂತೋಷದ ಸುದ್ದಿ ಅಂದ್ರ ಮಾರ್ಚಿನ್ಯಾಗ ಹವಾಲ್ದಾರ ಕೋರ್ಸಿಗೆ ನನ್ನ ಹೆಸರು ಹೋಗೈತಿ. ಅದಕ್ಕ ಮೊದಲ ಮೆಡಿಕಲ್ ಐತಿ, ಅದೇನ ದೊಡ್ಡ ಮಾತಲ್ಲ. ಪಾಸಾದ್ರ ಸರ್ವಿಸ್ ಇನ್ನೂ ಆರು ವರ್ಷ ಮುಂದ ಹೋಗತೈತಿ. ಅವ್ವಗ ಹೇಳು.

ಬಾಳಾಸಾಬನ ಸುದ್ದಿ ಓದಿ ಕೆಟ್ಟ ಅನಿಸಿತು. ಅವರವರ ಕರ್ಮ.

ಬಿಟ್ಟು ಬಂದದ್ದು ಅಂಥಾದ್ದೇನಿಲ್ಲ. ಒಂದು ಹಸರ ಪೌಡರ ಡಬ್ಬಿ ಇತ್ತು, ಕಾಲಿಗೆ ಹಚ್ಚು ಪೌಡರ. ಟ್ರಂಕಿನ ತಳದಾಗ ಇಟ್ಟಿದ್ದೆ, ಇಲ್ಲಿ ತಗದ್ರ ಇಲ್ಲ. ಸಿಕ್ಕರ ಎತ್ತಿಡು. ಯಾರ ಕೈಯಾಗೂ ಕೊಡಬ್ಯಾಡ, ಯಾರ ಮುಂದನೂ ಆಡಬ್ಯಾಡ. ಸುಮ್ನ ಹೇಳಿದೆ.

ನಿನ್ನ
ರೂಪೇಶ


ಕರೋಶಿ
೭ ಫೆಬ್ರುವರಿ ೨೦೦೪

ನೀಲಮನ ಪಪ್ಪಾ ಅವರಿಗೆ ಜೈಭೀಮ.

ಪತ್ರ ಮುಟ್ಟಿತು. ಹಸರ ಡಬ್ಬಿ ಹುಡುಕಿದೆ. ಸಿಕ್ಕಿಲ್ಲ. ಕಾಲಿನ ಪೌಡರಿಗೆ ಇಷ್ಟು ಬಂದೋಬಸ್ತ ಯಾಕ ಅಂತ ತಿಳೀಲಿಲ್ಲ.

ಅಣ್ಣಾಸಾಬ ಕಂಡಕ್ಟರ ಮೊನ್ನೆ ಬಸ್ಸಿನ್ಯಾಗ ಸಿಕ್ಕಿದ್ರು. ನಿಮ್ಮ ಮನಿಯವರ ತಬಿಯತ್ ಈಗ ಹೆಂಗೈತ್ರಿ ಅಂತ ಕೇಳಿದ್ರು. ಯಾಕ್ರಿ ಅಂದೆ. ಡಿಸೆಂಬರಿನ್ಯಾಗ ಕೊಲ್ಲಾಪುರದಾಗ ಒಂದು ದವಾಖಾನಿ ಬಾಕಿನ ಮ್ಯಾಲ ಕುಂತಿದ್ರು, ನನ್ನ ನೋಡಿ ಮಾರಿ ಆ ಕಡೆ ಮಾಡಿದ್ರು ಅಂದ್ರು. ನನಗ ನೀವು ಹೇಳಿದ್ದು ದೋಸ್ತನ ಮನಿಗೆ ಅಂತ. ಎರಡು ಸಲ ಹೋಗಿದ್ರಿ.

ಈ ಸಲ ನೀವು ಇದ್ದ ಒಂದು ತಿಂಗಳು ನಾ ಕಣ್ಣಾರೆ ಕಂಡದ್ದನ್ನ ಬರಿತೀನಿ, ತಪ್ಪಿದ್ರ ತಿದ್ದರಿ. ಬಂದ ಮರುದಿನ ನಿಮ್ಮ ಪಲ್ಯ ಬ್ಯಾರೆ ಬೋಗಾಣ್ಯಾಗ ಮಾಡು ಅಂದ್ರಿ, ಉಪ್ಪು ಹಾಕಬ್ಯಾಡ ಅಂದ್ರಿ. ನೀವು ಬರತೀರಿ ಅಂತ ಅತ್ತಿ ಒಳ್ಳಾಗ ಕುಟ್ಟಿಟ್ಟ ಮೆಣಸಿನಕಾಯಿ ಖರ್ಡಾ ಮುಟ್ಟಲಿಲ್ಲ. ಅವರು ಎರಡು ದಿನ ಮಾತು ಬಿಟ್ಟಿದ್ರು. ಹೊತ್ತು ಹೊಂಡೂದರಾಗ ಎದ್ದು ಒಬ್ರ ಹೊಲದ ಕಡೆ ಹೋಗತಿದ್ರಿ, ಬಂದ ಮ್ಯಾಲ ನನ್ನ ಕಡೆ ಬೆನ್ನು ಮಾಡಿ ನೀರು ಕುಡಿತಿದ್ರಿ. ಹಾಸಿಗಿ ನೀಲಮನ ಆ ಕಡೆ ಹಾಕೊಂಡ್ರಿ. ನಾ ಏನ ತಿಳಕೋಬೇಕು?

ಅತ್ತಿಗೆ ಏನೂ ಹೇಳಿಲ್ಲ.

ಉಜ್ವಲಾ


ಫೀಲ್ಡ್ ಪೋಸ್ಟ್
೧೮ ಫೆಬ್ರುವರಿ ೨೦೦೪

ಉಜ್ವಲಾ,

ನಿನ್ನ ಪತ್ರ ಓದಿದೆ. ಗಡಿ ಕಾಯಾಕ ನಾ ಇಲ್ಲಿದ್ರ ನನ್ನ ಕಾಯಾಕ ನೀ ಅಲ್ಲಿ ಕಂಡಕ್ಟರನ್ನ ಇಟ್ಟೀಯೇನು? ಅಣ್ಣಾಸಾಬಗ ಟಿಕೇಟು ಹರಿಯೂ ಕೆಲಸ ಕೊಟ್ಟಾರ, ಅಷ್ಟ ಮಾಡಂತ ಹೇಳು. ದೋಸ್ತಗ ಆರಾಮ ಇರಲಿಲ್ಲ, ದವಾಖಾನಿಗೆ ಅವನ ಜೋಡಿ ಹೋಗಿದ್ದೆ. ಉಪ್ಪು ಬಿಟ್ಟದ್ದು ಹೊಟ್ಟ್ಯಾಗ ಗ್ಯಾಸ ಆಗತೈತಿ ಅಂತ. ಗಂಡ ಏನ ತಿಂದ, ಎಲ್ಲಿ ಮಲಗಿದ ಅಂತ ಲೆಕ್ಕಾ ಇಟ್ಟೀ ಅಂದ್ರ ನಿನ್ನ ಮನಸ್ಸಿನ್ಯಾಗ ಏನೋ ಐತಿ.

ಡಬ್ಬಿ ಸಿಕ್ಕಿಲ್ಲ ಅಂದೀ. ಆದ್ರ ಟ್ರಂಕ ಕೀಲಿ ನನ್ನ ಕಡೆ ಒಂದು, ನಿನ್ನ ಕಡೆ ಒಂದು. ಮೂರನೇದವರ ಕಡೆ ಇಲ್ಲ. ಅವ್ವಗ ಟ್ರಂಕ ತಗಿಯಾಕ ಬರೂದಿಲ್ಲ. ನೀ ಯಾಕ ತಗದೀ, ಯಾರ ಮಾತು ಕೇಳಿ ತಗದೀ, ನನಗ ಗೊತ್ತಿಲ್ಲ. ಕೇಳೂದೂ ಇಲ್ಲ. ಈ ಪತ್ರ ಮುಟ್ಟಿದ ದಿನಾನ ಚಿಕ್ಕೋಡಿಗೆ ಹೋಗಿ ಅದನ್ನ ಪಾರ್ಸಲ್ ಮಾಡು. ಅರಿವ್ಯಾಗ ಸುತ್ತಿ ಹೊಲದು ಕಳಸು. ತೆರಿಬ್ಯಾಡ. ನೀಲಮನ ಆಣಿ ಐತಿ ನಿನಗ.

ಮಾರ್ಚ ಹತ್ತಕ್ಕ ಮೆಡಿಕಲ್. ಅದರೊಳಗ ಮುಟ್ಟಬೇಕು.

ಥಂಡಿಗೆ ತಲಿ ಭಾರ ಆಗತೈತಿ. ಬಾಕಿ ಆರಾಮ.

ರೂಪೇಶ


ಕರೋಶಿ
೧ ಮಾರ್ಚ್ ೨೦೦೪

ನೀಲಮನ ಪಪ್ಪಾ,

ಆಣಿ ಹಾಕೂದರೊಳಗ ಡಬ್ಬಿ ತೆರದಾಗಿತ್ತು. ಜನವರಿ ಎರಡರ ಮುಂಜಾನೆ, ನೀವು ಜಳಕಕ್ಕ ಹೋದಾಗ, ಟ್ರಂಕಿನ್ಯಾಗ ಶೇಂಗಾ ಹೋಳಗಿ ಇಡಾಕ ಜಾಗಾ ಮಾಡಾಕತ್ತಿದ್ದೆ. ಡಬ್ಬಿ ಅಲಗ್ಯಾಡಿತು. ಪೌಡರ ಸಪ್ಪಳಾ ಮಾಡೂದಿಲ್ಲ. ತೆರದ್ರ ಒಳಗ ಗುಳಿಗಿ ಪಟ್ಟಿ ಸುತ್ತಿ ತುಂಬೀರಿ. ಅವತ್ತ ತಗದಿಟ್ಟೀನಿ. ಕೇಳಬೇಕಂತಿದ್ದೆ, ನೀವು ಟೆಂಪೊ ಬಂತು ಅಂತ ಹೊರಗ ಹೋದ್ರಿ. ನೀವಾಗ ಹೇಳ್ತೀರಿ ಅಂತ ಎರಡು ತಿಂಗಳು ಕಾದೆ. ನೀವು ಪೌಡರ ಅಂದ್ರಿ.

ಗುಳಿಗಿ ಮ್ಯಾಲಿನ ಇಂಗ್ಲೀಷ ಅಕ್ಷರಾ ನನಗ ಕೂಡಿಸಿ ಓದಾಕ ಬರತಾವ, ಏನಂತ ತಿಳಿಯೂದಿಲ್ಲ. ಊರ ಔಷಧ ಅಂಗಡ್ಯಾಗ ಕೇಳಿದ್ರ ಸಂಜೀಗೆ ಓಣಿಗೆಲ್ಲಾ ಗೊತ್ತಾಗತೈತಿ. ಬಾಳಾಸಾಬನ ಹೆಂಡತಿ ಬಸ್ ಹತ್ತಿದ್ದು ನನ್ನ ಕಣ್ಣಾಗ ಐತಿ.

ಒಂದ ಮಾತು ಕೇಳತೀನಿ. ಬಾಳಾಸಾಬಗ ಬಂದ ಬ್ಯಾನಿ ನಿಮಗ ಐತೇನು? ಹೌದು ಅನ್ರಿ ಇಲ್ಲಾ ಅಲ್ಲ ಅನ್ರಿ. ಉತ್ತರ ಬರೂತನಾ ಡಬ್ಬಿ ಕಳಸೂದಿಲ್ಲ.

ಉಜ್ವಲಾ


ಕರೋಶಿ
೨೯ ಮಾರ್ಚ್ ೨೦೦೪

ನೀಲಮನ ಪಪ್ಪಾ ಅವರಿಗೆ,

ನಾ ಕೇಳಿ ನಾಕು ವಾರ ಆತು. ನಿಮ್ಮಿಂದ ಅಕ್ಷರ ಇಲ್ಲ. ಮೊದಲ ಎರಡು ವಾರ ಟಪಾಲ ತಡಾ ಆಗೈತಿ ಅಂತ ತಿಳಕೊಂಡೆ. ಆಮ್ಯಾಲ ಇದ ಉತ್ತರ ಅಂತ ತಿಳಕೊಂಡೆ. ಅಲ್ಲ ಅನ್ನಾಕ ಎಷ್ಟು ಹೊತ್ತು ಬೇಕು?

ಈ ಇಪ್ಪತ್ತೆರಡಕ್ಕ ಡಬ್ಬಿ ತಗೊಂಡು ಚಿಕ್ಕೋಡಿ ದವಾಖಾನಿಗೆ ಹೋಗಿದ್ದೆ. ಅತ್ತಿಗೆ ಅಂಗನವಾಡಿ ಮೀಟಿಂಗ ಅಂತ ಸುಳ್ಳ ಹೇಳಿದೆ. ಅಲ್ಲಿ ಸೋನಾಬಾಯಿ ಅಂತ ಹಿರೇ ಸಿಸ್ಟರ ಅದಾರ. ಬಾಗಲಾ ಮುಚ್ಚಿ ಕುಂಡ್ರಿಸಿಕೊಂಡ್ರು. ನಾ ಡಬ್ಬಿ ಟೇಬಲ್ ಮ್ಯಾಲ ಸುರುವಿದೆ. ಅವರು ಒಂದು ಪಟ್ಟಿ ಎತ್ತಿ ನೋಡಿದ್ರು, ಇಟ್ರು. ಇನ್ನೊಂದು ಎತ್ತಿ ನೋಡಿದ್ರು.

“ಇವು ಬಿ.ಪಿ. ಗುಳಿಗಿ ತಂಗಿ,” ಅಂದ್ರು. “ಯಾರು ತಿಂತಾರ?”

ನಾ ಅವರನ್ನ ನಂಬಲಿಲ್ಲ. ನನ್ನ ಸಮಾಧಾನಕ್ಕ ಹೇಳಾಕತ್ತಾರ ಅಂತ ತಿಳದು, ಮತ್ತೊಮ್ಮೆ ನೋಡ್ರಿ ಅಂದೆ. ಅವರು ಸಿಟ್ಟಾಗಲಿಲ್ಲ. ನಿಮ್ಮ ವಯಸ್ಸು ಕೇಳಿದ್ರು. ಮೂವತ್ತಮೂರು ಅಂದೆ. ಮಾವನವರು ಹೆಂಗ ಹೋದ್ರು ಅಂತ ಕೇಳಿದ್ರು. ಕಬ್ಬಿನ ಹೊಲದಾಗ ಬಿದ್ದು ಬಾಯಿ ಸೊಟ್ಟ ಆಗಿತ್ತಂತ ಅಂದೆ. ಅವರು ಗೋಣು ಹಾಕಿದ್ರು. ಈ ಸಲ ಮನ್ಯಾಗ ಕಂಡದ್ದೆಲ್ಲಾ ಹೇಳಿದೆ. ಉಪ್ಪು ಬಿಟ್ಟದ್ದು ಡಾಕ್ಟರ ಹೇಳಿದ್ದಕ್ಕ, ಮುಂಜಾನೆ ನಡದದ್ದೂ ಡಾಕ್ಟರ ಹೇಳಿದ್ದಕ್ಕ, ಇದರಾಗ ಒಂದು ಗುಳಿಗಿ ಮೂತ್ರ ಹೆಚ್ಚ ಮಾಡತೈತಿ, ಅದಕ್ಕ ಹೊತ್ತು ಹೊಂಡೂ ಮೊದಲ ಎಚ್ಚರಾಗತೈತಿ, ಹಾಸಿಗಿ ದೂರ ಹಾಕೊಂಡದ್ದೂ ಅದಕ್ಕ ಇರಬೇಕು ಅಂದ್ರು. ನಾ ಒಂದು ತಿಂಗಳು ಕುಂತು ಕಟ್ಟಿದ್ದನ್ನ ಅವರು ಐದು ನಿಮಿಷದಾಗ ಬಿಚ್ಚಿದ್ರು.

ತಲಿ ನೋವು, ಚಕ್ಕರ ಏನೂ ಇರಲಿಲ್ಲಲ್ರಿ, ಕಲ್ಲಿನಂಗ ಇದ್ರು ಅಂದೆ. “ಇದು ಹೇಳಿ ಬರೂದಿಲ್ಲ ತಂಗಿ. ಮಷಿನ್ ಕಟ್ಟಿ ನೋಡಿದ್ರ ಅಷ್ಟ ಗೊತ್ತು,” ಅಂದ್ರು.

ಕಡೀಕ ಗುಳಿಗಿ ನನ್ನ ಕಡೆ ಯಾಕ ಬಂದುವು, ಅವರು ಈಗ ಏನ ತಿನ್ನಾಕತ್ತಾರ ಅಂತ ಕೇಳಿದ್ರು. ನಾನ ತಗದಿಟ್ಟೀನಿ ಅಂದೆ. ಇವನ್ನ ಒಮ್ಮಿಗಲೆ ಬಿಡಬಾರದು, ಬಿಟ್ರ ಒತ್ತಡಾ ಮೊದಲಿನಕಿಂತ ಮ್ಯಾಲ ಹೋಗತೈತಿ ಅಂದ್ರು. ಜನವರಿ ಎರಡರಿಂದ ಬೆರಳು ಮಡಚಿ ಎಣಿಸಿದೆ. ಎಂಬತ್ತು ದಿನ.

ಅವತ್ತ ಪಾರ್ಸಲ್ ಮಾಡೀನಿ. ಅದು ಮುಟ್ಟೂತನಾ ಕಾಯಬ್ಯಾಡ್ರಿ, ಅಲ್ಲಿ ಡಾಕ್ಟರಿಗೆ ಹೇಳ್ರಿ. ಬೈಯೂದಿದ್ರ ಬೈದು ಬರಿರಿ. ಸುಮ್ನ ಇರಬ್ಯಾಡ್ರಿ.

ಉಜ್ವಲಾ


ಮಿಲಿಟರಿ ಆಸ್ಪತ್ರೆ
೯ ಏಪ್ರಿಲ್ ೨೦೦೪

ಉಜ್ವಲಾಗ,

ಈ ಅಕ್ಷರ ನನ್ನವಲ್ಲ. ಶಾಂತಿನಾಥ ಅಂತ ಅಥಣಿ ಕಡೆಯವ, ಈ ವಾರ್ಡಿನ್ಯಾಗ ನರ್ಸಿಂಗ ಕೆಲಸ ಮಾಡತಾನ. ನಾ ಹೇಳತೀನಿ, ಅವ ಬರಿತಾನ. ಮಾತು ತೊದಲತಾವ, ಅದಕ್ಕ ಭಾಳ ಹೊತ್ತು ಹಿಡಿತೈತಿ. ಅವ್ವಗ ಓದಿ ಹೇಳುಮುಂದ ಮೊದಲ ನಾ ಎದ್ದು ಅಡ್ಡಾಡಾಕತ್ತೀನಿ ಅಂತ ಹೇಳು, ಆಮ್ಯಾಲ ಉಳದದ್ದು ಓದು.

ಮಾರ್ಚ ಎಂಟನೇ ತಾರೀಖು ಮುಂಜಾನೆ ಚಹಾದ ಮಗ್ ಬಲಗೈಯಿಂದ ಬಿತ್ತು. ಜೊತಿಗೆ ಇದ್ದವರು ನಕ್ಕರು. ಎತ್ತಾಕ ಬಗ್ಗಿದೆ, ಕೈ ನನ್ನದಲ್ಲ ಅನ್ನೂವಂಗಿತ್ತು. ಏನೋ ಹೇಳಾಕ ಹೋದ್ರ ಬಾಯಾಗಿಂದ ಮಾತು ಬರಲಿಲ್ಲ, ಜೊಲ್ಲು ಬಂತು. ಆಗ ನಗು ನಿಂತಿತು. ಹೆಲಿಕಾಪ್ಟರಿನ್ಯಾಗ ಹಾಕಿ ಇಲ್ಲಿಗೆ ತಂದ್ರು. ಮಷಿನ್ ಕಟ್ಟಿದ್ರ ಎರಡುನೂರಾ ಮೂವತ್ತು ಇತ್ತಂತ. ಮನಿಗೆ ತಾರ ಕೊಡತೀವಿ ಅಂದ್ರು, ಅವ್ವ ಹೆದರತಾಳ ಅಂತ ಎಡಗೈಲೆ ಬ್ಯಾಡಂದೆ.

ನಿನ್ನ ಒಂದನೇ ತಾರೀಖಿನ ಪತ್ರ ಇಲ್ಲಿಗೆ ಬಂತು. ನಾ ಓದಿದೆ. ಓದಾಕ ಬರತಿತ್ತು, ಹೇಳಾಕ ಬರತಿರಲಿಲ್ಲ, ಬರಿಯಾಕ ಕೈ ಇರಲಿಲ್ಲ. ಕನ್ನಡ ಬರೂವರು ವಾರ್ಡಿನ್ಯಾಗ ಯಾರೂ ಇರಲಿಲ್ಲ. ನೀ ಅಲ್ಲಿ ಏನ ತಿಳಕೊಳ್ಳಾಕತ್ತೀ ಅಂತ ನನಗ ಇಲ್ಲಿ ಗೊತ್ತಾಗತಿತ್ತು. ಶಾಂತಿನಾಥ ಮೊನ್ನೆ ರಜಾದಿಂದ ಬಂದ.

ನಿನ್ನ ಪ್ರಶ್ನೆಗೆ ಉತ್ತರ: ಅಲ್ಲ.

ಹೋದ ನವೆಂಬರ ಕಡೀಕ ಊರಿಗೆ ಬರುಮುಂದ ನಿಪ್ಪಾಣಿ ಬಸ್ಸಸ್ಟ್ಯಾಂಡ ಹತ್ರ ಪುಕ್ಕಟ ತಪಾಸಣಿ ಕ್ಯಾಂಪ್ ಹಾಕಿದ್ರು. ನೆರಳಾಗ ಖುರ್ಚಿ ಇತ್ತು ಅಂತ ಕುಂತೆ. ನೂರಾ ಎಂಬತ್ತು, ಕೆಳಗ ನೂರಾ ಹತ್ತು ಅಂದ್ರು. ನಿಮ್ಮ ಮಷಿನ್ ಕೆಟ್ಟೈತಿ ಅಂದೆ. ಇನ್ನೊಂದರಾಗ ನೋಡಿದ್ರು, ಅಷ್ಟ ಇತ್ತು. ಇವತ್ತಿನಿಂದ ಉಪ್ಪು ಬಿಡ್ರಿ ಅಂದ್ರು. ಇಪ್ಪತ್ತು ಕಿಲೋಮೀಟರ ಓಡೂವ ನಾನು, ಒಂದು ದಿನ ತಲಿಬ್ಯಾನಿ ಬಂದಿದ್ದಿಲ್ಲ. ಕೊಲ್ಲಾಪುರದ ಡಾಕ್ಟರ ಗುಳಿಗಿ ಕೊಟ್ರು, ಜೀವಮಾನ ತಿನ್ನಬೇಕು ಅಂದ್ರು. ಬಿ.ಪಿ. ಅಂತ ಪಲ್ಟನ್ನಿನ್ಯಾಗ ಗೊತ್ತಾದ್ರ ಮೆಡಿಕಲ್ ಕೆಟಗರಿ ಇಳಸ್ತಾರ, ಕೋರ್ಸು ಹೋಗತೈತಿ. ಕದ್ದು ತಿಂದು ಮೆಡಿಕಲ್ ದಾಟಬೇಕಂತ ಇದ್ದೆ. ಕಿಸೆದಾಗ ನಾಕ ಗುಳಿಗಿ ಉಳದಿದ್ವು, ಆಮ್ಯಾಲ ಇಲ್ಲ. ಇಲ್ಲಿನ ಡಾಕ್ಟರಿಗೆ ಕೇಳಿದ್ರ ಗುಟ್ಟು ಹೊರಗ ಬರತಿತ್ತು, ಅದಕ್ಕ ಕೇಳಲಿಲ್ಲ.

ನಿನಗ ಯಾಕ ಹೇಳಲಿಲ್ಲ ಅಂದ್ರ, ನೀ ಅವ್ವಗ ಹೇಳತಿದ್ದಿ. ಅಪ್ಪ ಬಿದ್ದಾಗ ಅವ್ವ ಎರಡು ದಿನ ದವಾಖಾನಿಗೆ ಒಯ್ಯಲಿಲ್ಲ. ಕಾಕಾ ಮಾಟ ಮಾಡಿಸ್ಯಾನ ಅಂತ ಅಳಕೋತ ಕುಂತಳು. ಮತ್ತ ಅದನ್ನ ಕೇಳೂದು ನನಗ ಬ್ಯಾಡಾಗಿತ್ತು.

ರೂಪೇಶ

ವೈನಿಯವರಿಗೆ ಶಾಂತಿನಾಥನ ನಮಸ್ಕಾರ. ಇದನ್ನ ನಾ ನನ್ನ ಮನಸ್ಸಿನಿಂದ ಬರಿಯಾಕತ್ತೀನಿ, ಅವರಿಗೆ ಗೊತ್ತಿಲ್ಲ. ಕಾಲು ಬಂದೈತಿ, ಕೈ ಅರ್ಧಾ ಬಂದೈತಿ, ಇನ್ನೂ ಬರತೈತಿ. ನಿಮ್ಮ ಪಾರ್ಸಲ್ ಬಂದಾಗ ಡಬ್ಬಿ ತಗೊಂಡು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. ಡಾಕ್ಟರ ಸಾಹೇಬ್ರಿಗೆ ನಾನ ಡಬ್ಬಿ ತೋರಿಸಬೇಕಾತು.


ಕರೋಶಿ
೨೫ ಏಪ್ರಿಲ್ ೨೦೦೪

ನೀಲಮನ ಪಪ್ಪಾ ಅವರಿಗೆ,

ನಿಮ್ಮ ಪತ್ರ ಅತ್ತಿಗೆ ಪೂರಾ ಓದಿ ಹೇಳಿದೆ, ಕಾಕಾನ ಮಾತೂ ಬಿಡಲಿಲ್ಲ. ಅವರು ಅಳಲಿಲ್ಲ. ಮರುದಿನ ಹೊಸಾ ಸೀರಿ ಉಟ್ಟು ನಡಿ ಅಂದ್ರು. ಇಬ್ಬರೂ ಚಿಕ್ಕೋಡಿಗೆ ಹೋಗಿ ಸೋನಾಬಾಯಿ ಕಡೆ ತೋಳು ಚಾಚಿ ಕುಂತಿವಿ. ನಂದು ಸರಿ ಐತಿ. ಅತ್ತಿದು ನೂರಾ ತೊಂಬತ್ತು. ಅವರಿಗೂ ಏನೂ ಆಗತಿರಲಿಲ್ಲ, ಸೊಂಟಾ ಹಿಡಿಯೂದೊಂದು ಬಿಟ್ಟು. ಸೋನಾಬಾಯಿ ಗುಳಿಗಿ ಬರಸಿ ಕೊಟ್ರು. ಬರುಮುಂದ ಅತ್ತಿ ಮನಿಗೆ ಬರಲಿಲ್ಲ. ಸೀದಾ ನಿಮ್ಮ ಕಾಕಾನ ಮನಿಗೆ ಹೋದ್ರು. ಹನ್ನೆರಡು ವರ್ಷದ ಮ್ಯಾಲ. ಒಳಗ ಏನ ಮಾತಾಡಿದ್ರೋ, ನಾ ಹೊರಗ ನಿಂತಿದ್ದೆ. ಅತ್ತಿ ಕಾಕಾನ ಮನಿ ಬಶ್ಯಾಗ ಚಹಾ ಕುಡದದ್ದು ಕಂಡಿತು.

ನಾ ಒಂದು ಮುಚ್ಚಿಟ್ಟೀನಿ. ಮಾರ್ಚ ಇಪ್ಪತ್ತೆರಡಕ್ಕ ಡಬ್ಬಿ ತೋರಿಸೂದರೊಳಗ ನಾ ನನ್ನ ರಕ್ತ ಕೊಟ್ಟಿದ್ದೆ, ಆ ಬ್ಯಾನಿ ತಪಾಸಣಿಗೆ. ಬಿ.ಪಿ. ಗುಳಿಗಿ ಅಂತ ಗೊತ್ತಾದ ಮ್ಯಾಲ ಸೋನಾಬಾಯಿ, ನೀ ಬ್ಯಾಡಂದ್ರ ತಪಾಸಣಿ ಬಿಡೂಣ ಅಂದ್ರು. ಮಾಡ್ರಿ ಅಂದೆ. ಗುಳಿಗಿ ಬಿ.ಪಿ.ದು ಅಂತ ಗೊತ್ತಿದ್ದೂ ಮಾಡ್ರಿ ಅಂದೆ. ಒಂದು ಮುಚ್ಚಿಟ್ಟವರು ಎರಡು ಮುಚ್ಚಿಡೂದಿಲ್ಲ ಅಂತ ಯಾವ ಭರೋಸಾ? ಎಲ್ಲಾ ಸರಿ ಐತಿ ಅಂತ ಬಂತು. ನಿಮಗ ಸಂಕಟ ಆಗತೈತಿ ಅಂತ ಗೊತ್ತು. ಆದ್ರ ಇದನ್ನ ಬಿಟ್ಟು ಬರದ್ರ ನಾನೂ ಪೌಡರ ಅಂದಂಗ ಆಗತೈತಿ.

ನಾ ಡಬ್ಬಿ ತಗಿಲಿಲ್ಲಂದ್ರ ನಿಮ್ಮ ಕೈ ಇರತಿತ್ತು. ಇದನ್ನ ದಿನಾ ನೆನಸತೀನಿ. ನೀವು ಹೇಳಿದ್ರ ನಾ ತಗಿತಿರಲಿಲ್ಲ. ಇದನ್ನೂ ನೆನಸತೀನಿ.

ಉಜ್ವಲಾ


ಮಿಲಿಟರಿ ಆಸ್ಪತ್ರೆ
೧೬ ಮೇ ೨೦೦೪

ಉಜ್ವಲಾ,

ಇದು ನನ್ನ ಕೈ. ಅಕ್ಷರ ಕೋಳಿ ಕೆದರಿದಂಗ ಅದಾವ, ಓದಕೋ. ಈ ಒಂದು ಕಾಗದಕ್ಕ ಮೂರು ದಿನ ಆತು.

ರಕ್ತ ತಪಾಸಣಿ ಮಾತು ಓದಿ ಎರಡು ದಿನ ನಿನ್ನ ಹೆಸರು ಹೇಳಲಿಲ್ಲ. ಗುಳಿಗಿ ಯಾವುದು ಅಂತ ಗೊತ್ತಾದ ಮ್ಯಾಲೂ ನಂಬಲಿಲ್ಲಲ್ಲ ಅಂತ. ಮೂರನೇ ದಿನ ನನ್ನ ಹಳೇ ಪತ್ರಾ ನೆನಪು ಮಾಡಕೊಂಡೆ. ದೋಸ್ತ, ಗ್ಯಾಸ, ಕಾಲಿನ ಪೌಡರ. ಇಂಥವನ್ನ ನಾನೂ ನಂಬತಿರಲಿಲ್ಲ.

ನಂದೂ ಒಂದು ಐತಿ. ಡಬ್ಬಿ ಇಲ್ಲ ಅಂತ ಗೊತ್ತಾದ ದಿನದಿಂದ ನನಗ ನಿನ್ನ ಮ್ಯಾಲ ಸಂಶಯ. ಬ್ಯಾರೆ ಸಂಶಯ. ಈಕಿಗೆ ಬಿ.ಪಿ. ಸುದ್ದಿ ಗೊತ್ತಾಗೈತಿ, ನಾ ಮೆಡಿಕಲ್ಲಿನ್ಯಾಗ ಫೇಲಾಗಿ ನೌಕರಿ ಬಿಟ್ಟು ಬರಲಿ ಅಂತ ಬೇಕಂತ ಮುಚ್ಚಿಟ್ಟಾಳ ಅಂತ ತಿಳಕೊಂಡಿದ್ದೆ. ಪ್ರತಿ ಸಲ ರಜಾ ಮುಗಿದಾಗ ಬಿಟ್ಟು ಬರ್ರಿ ಬಿಟ್ಟು ಬರ್ರಿ ಅಂತಿದ್ದಿ. ಆ ಸಿಟ್ಟಿಗೂ ಡಾಕ್ಟರಿಗೆ ಹೇಳಲಿಲ್ಲ. ನಿನ್ನ ಸೋಲಸಬೇಕಂತ ಇದ್ದೆ.

ಕೋರ್ಸು ಹೋತು. ಕೆಟಗರಿ ಇಳಸ್ಯಾರ. ಇನ್ನ ಸ್ಟೋರಿನ್ಯಾಗ ಕೆಲಸ, ಆಮ್ಯಾಲ ಪೆನ್ಶನ್. ದಿನಾ ಎರಡು ಗುಳಿಗಿ, ಎಲ್ಲಾರ ಮುಂದ ತಿಂತೀನಿ. ಜೂನ್ ಹನ್ನೆರಡಕ್ಕ ರಜಾದ ಮ್ಯಾಲ ಬರತೀನಿ.

ನಿಜಾ ಹೇಳು. ಹಂಗ ಇತ್ತೇನು ನಿನ್ನ ಮನಸ್ಸಿನ್ಯಾಗ?

ರೂಪೇಶ


ಕರೋಶಿ
೩೦ ಮೇ ೨೦೦೪

ನೀಲಮನ ಪಪ್ಪಾ ಅವರಿಗೆ ಉಜ್ವಲಾ ಮಾಡುವ ಜೈಭೀಮ.

ನಿಮ್ಮ ಅಕ್ಷರ ಓದಾಕ ಬಂದ್ವು. ಒಂದೆರಡು ಕಡೆ ನಿಂತು ಓದಿದೆ.

ಬಿ.ಪಿ. ಸುದ್ದಿ ನನಗ ಗೊತ್ತಿರಲಿಲ್ಲ. ಡಬ್ಬಿ ಇಟಗೊಂಡದ್ದು ಅದಕ್ಕಲ್ಲ. ಆದ್ರ ಜನವರಿ ಪತ್ರದಾಗ ಇನ್ನೂ ಆರು ವರ್ಷ ಅಂತ ನೀವು ಬರದದ್ದು ಓದಿದಾಗ, ಆ ಮೆಡಿಕಲ್ಲಿನ್ಯಾಗ ಇವರು ಫೇಲಾಗಲಿ ಅಂತ ಅನಿಸಿದ್ದು ಖರೇ. ಅತ್ತಿ ಸಕ್ರಿ ಹಂಚಾಕ ಎದ್ರು, ನಾ ಒಳಗ ಹೋಗಿ ನಿಂತೆ. ಗಂಡ ಮನಿಗೆ ಬರಲಿ ಅಂತಿತ್ತು. ಹಿಂಗ ಬರಲಿ ಅಂತ ಇರಲಿಲ್ಲ.

ಹನ್ನೆರಡನೇ ತಾರೀಖು ನಾ ಚಿಕ್ಕೋಡಿ ಬಸ್ಸಸ್ಟ್ಯಾಂಡಿಗೆ ಬಂದಿರತೀನಿ. ಒಬ್ಬಾಕೀನ ಬರತೀನಿ. ಮನಿಗೆ ಹೋದ್ರ ಅತ್ತಿ, ಕಾಕಾ, ಓಣಿ ಮಂದಿ ಎಲ್ಲಾ ಕೂಡಿರತಾರ, ನಮಗ ಮಾತಾಡಾಕ ಆಗೂದಿಲ್ಲ. ಅಲ್ಲೆ ಎಲ್ಲೆರ ಕುಂಡ್ರೂಣು. ನಾ ಕೇಳತೀನಿ, ನೀವು ಹೇಳ್ರಿ. ನೀವು ಕೇಳ್ರಿ, ನಾ ಹೇಳತೀನಿ. ಒಂದು ಬಸ್ ಹೋದ್ರ ಇನ್ನೊಂದು ಬರತೈತಿ.

ಉಜ್ವಲಾ